ಚೌಕಾಶಿ ನಿಂತ ದಿನ

ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ಮೊದಲ ದಿನ ಕೇಳಿದಾಗ ಕಾಕಾ ಹತ್ತು ಅಂದರು. ನಮ್ಮ ಲೆಕ್ಕದಲ್ಲಿ ಹತ್ತು ಅಂದರೆ ತಡೆಯಲಾಗದೆ ಆಸ್ಪತ್ರೆಗೆ ಓಡುವಂಥ ನೋವು. ಹೇಳಿದ ಮನುಷ್ಯನೋ ದಿವಾನದ ಮೇಲೆ ಲೋಡಿಗೆ ಒರಗಿ ಕೂತು, ನನ್ನ ಓಢಣಿಯ ಅಂಚನ್ನೇ ನೋಡುತ್ತಾ, ಇದು ಕೈಮಗ್ಗದ್ದಲ್ಲ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಎಂದು ಮರುಗುತ್ತಿದ್ದರು. ಹತ್ತಂತೂ ಇರಲಿಕ್ಕಿಲ್ಲ, ಐದು ಬರೆದುಕೊಳ್ಳಲೇ ಅಂದೆ. ಥಟ್ಟನೆ ಎಂಟಕ್ಕೆ ಇಳಿದರು. ಏಳಕ್ಕೆ ಸೌದಾ ಮುಗಿಯಿತು.

ನಾನು ಪುಣೆಯಲ್ಲಿ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಹಡಪಸರದಿಂದ ಸ್ಕೂಟರ್ ಹತ್ತಿ, ಆ ಟ್ರಾಫಿಕ್ಕಿನಲ್ಲಿ ಕಾತ್ರಜ ಮುಟ್ಟುವಷ್ಟರಲ್ಲಿ ನನ್ನ ಸೊಂಟವನ್ನೇ ಯಾರಾದರೂ ನೋಡಬೇಕಾದ ಸ್ಥಿತಿ ಇರುತ್ತದೆ. ಧಾರವಾಡದವಳು ಎಂಬ ಕಾರಣಕ್ಕೆ ಕನ್ನಡದ ಮನೆಗಳು ನನ್ನ ಪಾಲಿಗೆ ಹೆಚ್ಚು ಬರುತ್ತವೆ. ಕಾಕಾ ಹಾಗೆ ಬಂದವರು. ಎಪ್ಪತ್ತು ದಾಟಿದ ಬಟ್ಟೆ ವ್ಯಾಪಾರಿ. ಅವರ ತಂದೆ ಗದಗಿನ ಕಡೆಯಿಂದ ಬಂದು ಹಳೇ ಪೇಟೆಯಲ್ಲಿ ಅಂಗಡಿ ಹಾಕಿದ್ದರು. ಇಳಕಲ್ ಸೀರೆ ಮತ್ತು ರವಿಕೆಗೆ ಬೇಕಾಗುವ ಗುಳೇದಗುಡ್ಡದ ಖಣ, ಇವೆರಡೇ ಮಾಲು. ರಸ್ತೆಯ ಅಂಚಿಗೆ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಬಿಳಿ ಹಾಸಿನ ಗಾದಿ. ಆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಕಾ ಆಯುಷ್ಯ ಕಳೆದಿದ್ದರು.

ಈಗ ಗಾದಿ ತಪ್ಪಿತ್ತು. ಬೆನ್ನುಮೂಳೆಯೊಳಗೆ ನರಗಳು ಹಾಯುವ ದಾರಿ ವಯಸ್ಸಿನಿಂದ ಕಿರಿದಾಗಿ, ನಾಲ್ಕು ಹೆಜ್ಜೆ ನಡೆದರೆ ಸೊಂಟದಿಂದ ಕಾಲಿನವರೆಗೆ ನೋವು ಇಳಿಯುತ್ತಿತ್ತು, ಪಾದ ಜೋಮು ಹಿಡಿಯುತ್ತಿತ್ತು. ಎಲುಬಿನ ಡಾಕ್ಟರು ಭಾರ ಎತ್ತಬೇಡಿ, ನೆಲದ ಮೇಲೆ ಕೂಡಬೇಡಿ ಅಂದಿದ್ದರು. ಮನೆಯವರು ಅದನ್ನು ಅಂಗಡಿಗೇ ಹೋಗಬೇಡಿ ಎಂದು ಹಿಗ್ಗಿಸಿಕೊಂಡರು. ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಮಗ, ತಂದೆಯ ಮೇಲೆ ಜೀವ. ದುಡಿದದ್ದು ಸಾಕು, ಆರಾಮ ಇರಲಿ ಎಂದು ದೊಡ್ಡ ಟಿವಿ ತಂದು ಹಾಕಿದ್ದ. ಕಾಕೂ ನೀರಿನ ಲೋಟವನ್ನೂ ಗಂಡನ ಕೈಗೇ ತಂದುಕೊಡುತ್ತಿದ್ದರು.

ಮೊದಮೊದಲು ನಮ್ಮಿಬ್ಬರದು ಬಲು ಮಜಾ. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಕಾಲು ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು. ಆಮೇಲೆ ಕಾರಿಡಾರಿನಲ್ಲಿ ನಡಿಗೆ. ಕಾಲು ಜೋಮು ಹಿಡಿಯುವ ಮೊದಲೇ ಕೂತು, ಬೆನ್ನು ಮುಂದಕ್ಕೆ ಬಗ್ಗಿಸಿ, ನರ ಸಡಿಲಾದ ಮೇಲೆ ಮತ್ತೆ ನಡೆಯುವುದು. ಹತ್ತು ಸಲ ಎದ್ದು ಕೂಡಿ ಅಂದರೆ ಐದು ಅನ್ನುವರು. ನಾನು ಒಂಬತ್ತು ಅನ್ನುವೆ, ಅವರು ಆರು. ಎಂಟಕ್ಕೆ ಬಂದು ನಿಂತಾಗ ಇಬ್ಬರಿಗೂ ಗೆದ್ದ ಖುಷಿ. ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತಾರೆ. ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸುವ ವ್ಯಾಪಾರಿ ಇಲ್ಲ, ತುಸು ಬಗ್ಗಿಯಾದರೂ ಸೌದಾ ಮುಗಿಸುತ್ತಾನೆ. ಬೆಳಿಗ್ಗೆ ಮೊದಲು ಬರುವವಳು ನಾನಾದ್ದರಿಂದ ಕಾಕಾ ದಿನಾ ಅದನ್ನೇ ಅನ್ನುತ್ತಿದ್ದರು: "ಬೋಣಿ ಹೊತ್ತಿನ್ಯಾಗ ನಿಮ್ಮನ್ನ ಹಂಗ ಕಳಸೂದಿಲ್ರಿ ಡಾಕ್ಟರಬಾಯಿ. ಎಂಟು ಮಾಡಿಕೊಡ್ತೀನಿ, ತಗೋರಿ."

ಇಂಥ ಮನುಷ್ಯನ ನೋವಿನ ಅಂಕಿಯನ್ನು ಹೇಗೆ ನಂಬುವುದು? ನಾನು ನನ್ನದೇ ಒಂದು ಲೆಕ್ಕ ಮಾಡಿಕೊಂಡಿದ್ದೆ. ಅವರು ಹೇಳಿದ್ದರ ಅರ್ಧಕ್ಕಿಂತ ಒಂದಿಷ್ಟು ಮೇಲೆ ನಿಜವಾದ ನೋವು. ಎಷ್ಟು ದೂರ ನಡೆದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಬೇರೆಯಾಗಿ ನೋಡುತ್ತಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಕಾಲಿನ ಶಕ್ತಿ ಹೆಚ್ಚಿತ್ತು, ನಡಿಗೆ ಉದ್ದವಾಗಿತ್ತು. ಕೇಸು ಗೆದ್ದೆ ಎಂದು ಬೀಗುತ್ತಿದ್ದೆ.

ಮಳೆ ಹಿಡಿಯಿತು. ಕಾಕಾ ಅಷ್ಟಕ್ಕಷ್ಟೇ ಆದರು. ಮಳೆಗಾಲದಲ್ಲಿ ಹಳೇ ಬೆನ್ನುಗಳೆಲ್ಲ ತಕರಾರು ತೆಗೆಯುತ್ತವೆ, ಅದರಲ್ಲೇನು ವಿಶೇಷ ಎಂದುಕೊಂಡೆ. ನೋವು ಏರಿತು, ನಡಿಗೆ ಕಿರಿದಾಯಿತು. ಮಗ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದ; ಹೊಸದೇನೂ ಇರಲಿಲ್ಲ. ಆದರೂ ಬೆನ್ನಿಗೆ ಆಪರೇಷನ್ನೇ ಮಾಡಿಸಿಬಿಡೋಣ ಎಂದು ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಚಾರಿಸತೊಡಗಿದ.

ಆಷಾಢದ ಒಂದು ಬೆಳಿಗ್ಗೆ ಹೋದೆ. ನೋವು ಎಷ್ಟು ಎಂದು ಕೇಳಿದೆ. ಕಾಕಾ ಗೋಡೆಯ ಕಡೆ ನೋಡುತ್ತಾ, "ಏನರೆ ಬರಕೋರಿ" ಅಂದರು.

ಹತ್ತು ಬರೆಯಲೇ? ಹೂಂ. ಮೂರು ಬರೆಯಲೇ? ಅದಕ್ಕೂ ಹೂಂ. ಕುರ್ಚಿಯಿಂದ ಹತ್ತು ಸಲ ಏಳಿ ಅಂದೆ. ಸುಮ್ಮನೆ ಏಳತೊಡಗಿದರು. ನನಗೆ ಏನೋ ಸರಿಬರಲಿಲ್ಲ. ಬೇಕಂತಲೇ, ಇವತ್ತು ನಲವತ್ತು ಸಲ ಮಾಡಬೇಕು ಅಂದೆ. ಯಾವ ಹುಚ್ಚಿಯೂ ಎಪ್ಪತ್ತು ದಾಟಿದವರಿಗೆ ಒಂದೇ ಏಟಿಗೆ ಅಷ್ಟು ಹೇಳುವುದಿಲ್ಲ. ಹಳೆಯ ಕಾಕಾ ಆಗಿದ್ದರೆ ನನ್ನ ಮನೆತನವನ್ನೇ ಜಾಲಾಡುತ್ತಿದ್ದರು. ಇವರು, "ನೀವ್ ಹೇಳಿದಷ್ಟು" ಅಂದು ಏಳುತ್ತಾ ಕೂಡುತ್ತಾ ಹೋದರು. ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ, ಏನೂ ಇಲ್ಲ. ಸಾಕು ಅಂದೆ. ಭುಜ ಹಿಡಿದು ಕೂರಿಸಿದೆ.

ಅಡುಗೆಮನೆಯಿಂದ ಬಂದ ಕಾಕೂ ಸಮಾಧಾನದಲ್ಲಿದ್ದರು. ಈಗೀಗ ಬಹಳ ಶಾಂತ ಆಗಿದ್ದಾರೆ, ಯಾವುದಕ್ಕೂ ತಕರಾರಿಲ್ಲ ಅಂದರು. ನಾನು ಕಾಕಾನನ್ನು ಸರಿಯಾಗಿ ನೋಡಿದೆ. ಉಗುರು ಬೆಳೆದಿದ್ದವು. ಅಂಗಿಯ ಗುಂಡಿ ತಪ್ಪಿತ್ತು. ಬಟ್ಟೆ ವ್ಯಾಪಾರಿಯ ಅಂಗಿಯ ಗುಂಡಿ! ತಾಟಿನಲ್ಲಿ ಅವಲಕ್ಕಿ ಹಾಗೇ ಆರಿತ್ತು. ಕೋಳಿ ಕೂಗುವ ಮೊದಲೇ ಎದ್ದು ಸುಮ್ಮನೆ ಕೂತಿರುತ್ತಾರೆ ಎಂದು ಕಾಕೂ ಹೇಳಿದರು. ಬಾಯಿಗೆ ರುಚಿ ಇಲ್ಲವಂತೆ, ವಯಸ್ಸಾಯಿತಲ್ಲ ಅಂದರು.

ವಯಸ್ಸಾಯಿತಲ್ಲ ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಷ್ಟು ರೋಗಗಳು ಅದರಡಿ ಬೆಚ್ಚಗೆ ಮಲಗಿರುತ್ತವೋ. ವರ್ಷಗಟ್ಟಲೆ ನೋವು ತಿಂದವರ ಮನಸ್ಸು ಕುಸಿಯುತ್ತದೆ, ಕುಸಿದ ಮನಸ್ಸು ಇದ್ದ ನೋವನ್ನೇ ಇನ್ನಷ್ಟು ದೊಡ್ಡದು ಮಾಡುತ್ತದೆ. ಇದು ನಾವು ಓದಿರುವುದೇ. ಹರೆಯದವರಾದರೆ ಅಳುತ್ತಾರೆ, ಬೇಜಾರು ಅನ್ನುತ್ತಾರೆ. ವಯಸ್ಸಾದವರಲ್ಲಿ ಅನೇಕರು ಬೆನ್ನು ಹೆಚ್ಚು ನೋಯುತ್ತದೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂತಷ್ಟೇ ಹೇಳುತ್ತಾರೆ. ಇಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಲಕ್ಷಣವಾಗಿ ಕಂಡದ್ದು ಚೌಕಾಶಿ ನಿಂತದ್ದು. ಕೊಡಲಿಕ್ಕೂ ಪಡೆಯಲಿಕ್ಕೂ ಏನೂ ಉಳಿದಿಲ್ಲ ಅನ್ನಿಸಿದಾಗ ಮಾತ್ರ ವ್ಯಾಪಾರಿ ಕೇಳಿದ ದರಕ್ಕೆ ಒಪ್ಪಿಕೊಳ್ಳುತ್ತಾನೆ. ಈ ಮನುಷ್ಯ ಕೈಬಿಟ್ಟು ಹೋಗುತ್ತಿದ್ದಾರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೆಳಗಿಳಿದವಳೇ ಎಲುಬಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ಮನೋವೈದ್ಯರಿಗೆ ತೋರಿಸುವವರೆಗೆ ಆಪರೇಷನ್ನಿನ ಮಾತೇ ಬೇಡ ಅಂದರು. ಅಲ್ಲಿಂದ ಸೀದಾ ಅಂಗಡಿಗೆ ಹೋದೆ. ಮಗ ಚಹಾ ತರಿಸಿದ. ವಿಷಯ ಹೇಳಿದೆ. ಚಹಾ ಆರಿತು.

"ನಮ್ಮಪ್ಪಗ ತಲಿ ಕೆಟ್ಟಿಲ್ರಿ. ಬೆನ್ನ ನೋಯ್ತದ. ನಿಮ್ಮ ಕಡಿಂದ ಆಗಲಿಲ್ಲಂದ್ರ ಹೇಳ್ರಿ, ಬ್ಯಾರೆ ಯಾರನ್ನರೆ ನೋಡ್ತೀವಿ."

ಆ ಮಾತು ನೆಟ್ಟಗೆ ಮೂಗಿಗೇ ಬಡಿಯಿತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ತಲೆ ಕೆಟ್ಟಿದೆ ಅಂತ ನಾನು ಹೇಳಿಲ್ಲ, ಬೆನ್ನಿನ ಜೊತೆ ಮನಸ್ಸೂ ನೋಯುತ್ತಿದೆ ಅಂತ ಹೇಳಿದ್ದೇನೆ, ಒಂದಕ್ಕೆ ಔಷಧ ಹಾಕಿ ಇನ್ನೊಂದನ್ನು ಬಿಟ್ಟರೆ ಎರಡೂ ವಾಸಿಯಾಗುವುದಿಲ್ಲ ಅಂದೆ. ಆಮೇಲೆ ನನ್ನ ವೃತ್ತಿಯಲ್ಲಿ ಅದುವರೆಗೆ ಮಾಡದ ಕೆಲಸ ಮಾಡಿದೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುವ ದಿನ ನನ್ನನ್ನು ಕರೆಯಿರಿ, ಅಲ್ಲಿಯವರೆಗೆ ನಾನು ವ್ಯಾಯಾಮ ಮಾಡಿಸಲು ಬರುವುದಿಲ್ಲ, ಆದರೆ ಅವರನ್ನು ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ ಎಂದು ಹೇಳಿ ಎದ್ದೆ.

ಸ್ಕೂಟರಿನ ಮೇಲೆ ಕೂತ ಮೇಲೆ ಯೋಚನೆ ಹತ್ತಿತು. ಅವರು ಬೇರೆ ಯಾರನ್ನೋ ಹಿಡಿದು ನನ್ನನ್ನು ಮರೆತುಬಿಟ್ಟರೆ? ಆ ಮನೆಯಲ್ಲಿ ಕಾಕಾನ ಚೌಕಾಶಿ ಗೊತ್ತಿದ್ದ ಹೊರಗಿನವಳು ನಾನೊಬ್ಬಳೇ. ಹಟಕ್ಕೆ ಬಿದ್ದು ಆ ಬಾಗಿಲನ್ನೂ ಮುಚ್ಚಿದೆನೇ ಎಂದು ನಿದ್ದೆ ಬರಲಿಲ್ಲ.

ಫೋನ್ ಬಂದದ್ದು ಕಾಕೂನಿಂದ. ಮಗ ಬೈದ ಮಾತಿಗೆ ಕ್ಷಮೆ ಕೇಳಿದರು. ಆಮೇಲೆ, "ನೀ ಹೇಳಿದ್ದ ಖರೆ ಇರಬೇಕವಾ" ಅಂದರು. "ಮೊನ್ನೆ ಸಾರಿಗೆ ಉಪ್ಪ ಹಾಕೂದ ಮರತೀನಿ. ಸುಮ್ಮನ ಉಂಡ ಎದ್ರು. ಲಗ್ನ ಆದಾಗಿಂದ ಹಿಂಗ ಉಂಡಿಲ್ಲ."

ಮಗನನ್ನು ಒಪ್ಪಿಸಿದ್ದು ಅವರೇ.

ಮನೋವೈದ್ಯೆ ಮರಾಠಿಯವರು, ನಡುವಯಸ್ಸು, ತಾಳ್ಮೆಯ ಹೆಂಗಸು. ಕಾಕಾ, ಕಾಕೂ, ಮಗ, ನಾನು ಎಲ್ಲರೂ ಒಳಗೆ ಕೂತೆವು. ಡಾಕ್ಟರು ಮರಾಠಿಯಲ್ಲಿ ಮಾತು ತೆಗೆದರು. ನನ್ನ ಕಣ್ಣೆದುರೇ ಕಾಕಾ ಬದಲಾದರು. ಬೆನ್ನು ನೆಟ್ಟಗಾಯಿತು, ಮುಖದಲ್ಲಿ ನಗೆ ಬಂತು. ನಿದ್ದೆ ಹೇಗಿದೆ? ಛಾನ್, ಬಲು ಚೆನ್ನಾಗಿದೆ. ಊಟ? ಛಾನ್. ಬೇಸರವಾಗುತ್ತದೆಯೇ? ದೇವರ ದಯೆ, ಎಲ್ಲ ಮಸ್ತ್. ಡಾಕ್ಟರ ಸೀರೆ ಪೈಠಣಿಯೋ ಎಂದು ಇವರೇ ವಿಚಾರಿಸಿದರು. ಮಗ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ನಾನು ನೆಲಕ್ಕೆ ಇಳಿದುಹೋದೆ. ಡಾಕ್ಟರೂ ಸಂದೇಹದಿಂದ ಪೆನ್ನು ಕೆಳಗಿಟ್ಟರು.

ಆಗ ಹೊಳೆಯಿತು. ಮರಾಠಿ ಇವರಿಗೆ ಅಂಗಡಿಯ ಮಾತು. ಗಾದಿಯ ಮೇಲೆ ಕೂತು ಗಿರಾಕಿಗಳ ಎದುರು ಆಡಿದ್ದೆಲ್ಲ ಮರಾಠಿಯೇ, ಮತ್ತು ಗಿರಾಕಿಯ ಎದುರು ಯಾವ ವ್ಯಾಪಾರಿಯೂ ತನ್ನ ಮಾಲು ಕೆಟ್ಟಿದೆ ಅನ್ನುವುದಿಲ್ಲ. ಮನೆಯ ಸುಖದುಃಖವೆಲ್ಲ ಕನ್ನಡದಲ್ಲಿ. ನಾವು ನಾಲ್ಕೂ ಜನ ಈ ಊರಲ್ಲಿ ಹೊಸ್ತಿಲು ದಾಟುತ್ತಲೇ ಮರಾಠಿಗೆ ಹೊರಳುವವರು, ಅದರ ಪರಿವೆಯೇ ನಮಗೆ ಇರಲಿಲ್ಲ. ಅಪ್ಪಣೆ ಕೊಟ್ಟರೆ ಇದೇ ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳಿ ನಿಮಗೆ ಹೇಳುತ್ತೇನೆ ಎಂದು ಡಾಕ್ಟರನ್ನು ಕೇಳಿಕೊಂಡೆ. ಅವರು ತಲೆಯಾಡಿಸಿದರು. ಕುರ್ಚಿಯನ್ನು ಕಾಕಾನ ಹತ್ತಿರ ಎಳೆದುಕೊಂಡೆ.

"ಕಾಕಾ, ಮುಂಜಾನಿ ಎಚ್ಚರ ಆದ ಕೂಡ್ಲೆ ನಿಮಗ ಏನ ಅನಸ್ತದ?"

ನಗೆ ಮೆಲ್ಲಗೆ ಇಳಿಯಿತು. ತಮ್ಮ ಅಂಗೈ ನೋಡಿಕೊಂಡರು.

"ಯಾಕರ ಎಚ್ಚರಾತೋ ಅನಸ್ತದ ತಂಗಿ. ಗಾದಿ ಮ್ಯಾಲಿಂದ ಇಳಿಸ್ಯಾರ. ಇನ್ನ ನಾ ಯಾರಿಗೆ ಬೇಕು?"

ಅದುವರೆಗೆ ನನ್ನನ್ನು ಡಾಕ್ಟರಬಾಯಿ ಅನ್ನುತ್ತಿದ್ದವರು. ನಾನು ಅದನ್ನು ಮರಾಠಿಯಲ್ಲಿ ಹೇಳಬೇಕಿತ್ತು. ಆದರೆ ಅದರ ಅಗತ್ಯವೇ ಬೀಳಲಿಲ್ಲ, ಡಾಕ್ಟರು ಮುಖ ನೋಡಿಯೇ ಅರ್ಧ ತಿಳಿದಿದ್ದರು. ಮಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಮುಂದೆ ಡಾಕ್ಟರು ಒಂದೊಂದನ್ನೇ ಕೇಳಿದರು, ಕೇಳಲೇಬೇಕಾದ ಕಷ್ಟದ ಪ್ರಶ್ನೆಯನ್ನೂ. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಇಲ್ಲ, ಆದರೆ ಬದುಕುವ ಆಸೆಯೂ ಇಲ್ಲ ಎಂದು ಕಾಕಾ ಹೇಳಿದರು. ಡಾಕ್ಟರು ಅದಕ್ಕೆ ಅಂಜಲೂ ಇಲ್ಲ, ಅದನ್ನು ಹಗುರವಾಗಿ ನೋಡಲೂ ಇಲ್ಲ. ನೋವು ಮತ್ತು ಖಿನ್ನತೆ ಮೆದುಳಿನಲ್ಲಿ ಬಹುಪಾಲು ಒಂದೇ ದಾರಿಯಲ್ಲಿ ಓಡಾಡುತ್ತವೆ, ನೆರೆಮನೆಯವರ ಹಾಗೆ ಒಬ್ಬರ ಗದ್ದಲ ಇನ್ನೊಬ್ಬರಿಗೆ ನಿದ್ದೆ ಕೊಡುವುದಿಲ್ಲ ಎಂದು ತಿಳಿಹೇಳಿದರು. ನರದ ನೋವಿಗೂ ಮನಸ್ಸಿಗೂ ಎರಡಕ್ಕೂ ಕೆಲಸ ಮಾಡುವ ಒಂದು ಗುಳಿಗೆ ಬರೆದರು, ಗುಣ ಕಾಣಲು ಕೆಲವು ವಾರ ಬೇಕು ಎಂದು ಎಚ್ಚರಿಸಿದರು. ಕೊನೆಗೆ ನನ್ನ ಕಡೆ ತಿರುಗಿ, ಇವರು ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಹುಡುಕಿ, ಆ ಕೆಲಸ ನಿಮ್ಮದು ಅಂದರು.

ಕಾರಣ ಹುಡುಕುವುದೇನು ಬಂತು, ಪೇಟೆಯಲ್ಲಿ ಬಿಳಿ ಹಾಸು ಹಾಸಿಕೊಂಡು ಬಿದ್ದಿತ್ತಲ್ಲ! ಕಾಕಾನ ಬೆನ್ನಿಗೆ ಕೂಡುವುದು, ತುಸು ಮುಂದಕ್ಕೆ ಬಗ್ಗುವುದು ಹಿತವೇ. ನಿಂತು ನಡೆಯುವುದೇ ಕಷ್ಟ. ಗಾದಿಯ ಮೇಲೆ ಕೂಡುವುದರಲ್ಲಿ ತಪ್ಪಿರಲಿಲ್ಲ, ಅಲ್ಲಿಂದ ಏಳುವ ದಾರಿ ಮಾತ್ರ ಕಲಿಸಬೇಕಿತ್ತು. ಎಲುಬಿನ ಡಾಕ್ಟರೂ ಒಪ್ಪಿದರು. ಮಗನಿಗೆ ಕಟ್ಟೆಯ ಎತ್ತರ ಬೇಕು ಅಂದೆ. ಅಂದೇ ಸಂಜೆ ಬಟ್ಟೆ ಅಳೆಯುವ ಕಬ್ಬಿಣದ ಅಳತೆಗೋಲಿನಿಂದ ತಾನೇ ಅಳೆದು ಫೋನ್ ಮಾಡಿದ. ದಿವಾನದ ಕಾಲಿಗೆ ಮರದ ತುಂಡು ಕೊಟ್ಟು, ಮೇಲೆ ದಪ್ಪ ಗಾದಿ ಹಾಸಿ, ಮನೆಯಲ್ಲೇ ಅಂಗಡಿಯ ಕಟ್ಟೆ ಮಾಡಿದೆವು. ಅಂಚಿಗೆ ಕೂತು, ಎರಡೂ ಕಾಲು ಒಟ್ಟಿಗೆ ಮೇಲೆತ್ತಿ ಸರಿಯುವುದು. ಏಳುವಾಗ ಮೊದಲು ಪಕ್ಕಕ್ಕೆ ಒರಗಿ, ಅಂಗೈ ಊರಿ, ಕಾಲು ಕೆಳಗಿಳಿಸಿ, ಪಾದ ನೆಲ ಹಿಡಿದ ಮೇಲೆ ಮಾತ್ರ ಭಾರ ಹಾಕುವುದು.

ಗುಳಿಗೆ ಮೊದಲ ದಿನಗಳಲ್ಲಿ ಕಾಟ ಕೊಟ್ಟಿತು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು. ಬಿಡಿಸಿಬಿಡಲೇ ಎಂದು ಕಾಕೂ ಅಳುದನಿಯಲ್ಲಿ ಕೇಳಿದರು. ಡಾಕ್ಟರು ಊಟದ ಮೇಲೆ ಕೊಡಲು ಹೇಳಿ, ತಾವಾಗಿ ಬಿಡಿಸಬೇಡಿ ಅಂದರು. ಹೊಟ್ಟೆ ಸರಿಹೋಯಿತು ಅನ್ನುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಕಟ್ಟೆಯಿಂದ ಇಳಿಯುವಾಗ ಅವಸರ ಮಾಡಿ ಹೊರಳಿದ್ದರು. ಮಗ ಮತ್ತೆ ಆಪರೇಷನ್ನಿನ ಮಾತೆತ್ತಿದ. ನಾನು ಬಿಸಿ ಶಾಖ ಕೊಟ್ಟು, ವ್ಯಾಯಾಮ ಅರ್ಧಕ್ಕಿಳಿಸಿದೆ, ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನೋವಿಗೆ ಹೆದರಿ ಮಲಗುವುದನ್ನು ಮತ್ತೆ ನಾನೇ ಕಲಿಸಿದ ಹಾಗಾಗುತ್ತಿತ್ತು. ಕಾಕಾ ಅದೇ ಸಪ್ಪೆ ಮುಖದಲ್ಲಿ ಹೇಳಿದಷ್ಟು ಮಾಡುತ್ತಿದ್ದರು. ನಿಜ ಹೇಳುತ್ತೇನೆ, ಆ ವಿಧೇಯತೆ ನೋಡಿ ನೋಡಿ ನನಗೇ ಸಾಕಾಗಿತ್ತು.

ಗಣಪತಿ ಹಬ್ಬ ಮುಗಿದು ಊರಿನ ಡೋಲು ಅಡಗಿದ ಒಂದು ಬೆಳಿಗ್ಗೆ, ಎಂದಿನಂತೆ ಎಂಟು ಸಲ ಏಳಿ ಅಂದೆ. ತಲೆ ಎತ್ತಿ ನೋಡಿದರೆ ಕಾಕಾ ನನ್ನ ಓಢಣಿಯನ್ನು ನೋಡುತ್ತಿದ್ದರು.

"ಆರು," ಅಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಾಕೂ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಸೌದಾದ ನಡುವೆ ಖುಷಿ ತೋರಿಸುವಷ್ಟು ದಡ್ಡಿ ನಾನಲ್ಲ. ಮುಖ ಗಂಟಿಕ್ಕಿ, ಆಗುವುದಿಲ್ಲ, ಎಂಟೇ ಅಂದೆ. ಏಳಕ್ಕೆ ಮುಗಿಯಿತು. ಅಂದು ಮಧ್ಯಾಹ್ನ ಪಲ್ಯಕ್ಕೆ ಖಾರ ಜಾಸ್ತಿ ಎಂದು ಬೈಸಿಕೊಂಡೆ ಎಂದು ಕಾಕೂ ಫೋನ್ ಮಾಡಿ ಹೇಳಿದರು. ಹೇಳುತ್ತಾ ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇರಬೇಕು.

ಅಲ್ಲಿಂದ ಮುಂದೆ ದಿನದಿನಕ್ಕೆ ಏರಿದರು. ನಿದ್ದೆ ಹತ್ತಿತು, ಉಗುರು ಕತ್ತರಿಸಿಕೊಂಡರು, ಟಿವಿಯ ಧಾರಾವಾಹಿಯಲ್ಲಿ ಅತ್ತೆಯ ಸೀರೆ ನೈಲಾನು ಎಂದು ಹಂಗಿಸತೊಡಗಿದರು. ನೋವು ಹೋಗಿರಲಿಲ್ಲ, ಕಿರಿದಾದ ದಾರಿ ಕಿರಿದಾಗಿಯೇ ಇತ್ತು. ಆದರೆ ಅದೇ ಬೆನ್ನು ಹೊತ್ತುಕೊಂಡು ಕಾರಿಡಾರಿನ ಆಚೆ, ಲಿಫ್ಟಿನ ಆಚೆ, ಗೇಟಿನವರೆಗೆ ನಡೆದರು. ಅಂಗಡಿಗೆ ಯಾವಾಗ ಎಂದು ತಾವೇ ಕೇಳಿದರು. ನವರಾತ್ರಿಗೆ ಅಂದೆ. ಅದರ ಹಿಂದಿನ ವಾರವೇ ಯಾಕಾಗಬಾರದು ಅಂದರು. ಅಲ್ಲಿಯೂ ಚೌಕಾಶಿ. ಕೊನೆಗೆ ನವರಾತ್ರಿಯ ಮೊದಲ ದಿನಕ್ಕೆ ಒಪ್ಪಿದರು.

ಆ ಬೆಳಿಗ್ಗೆ ರಿಕ್ಷಾ ಪೇಟೆಯ ಬಾಯಿಯಲ್ಲೇ ನಿಂತಿತು, ಒಳಗೆ ಗಾಡಿ ಹೋಗುವಂತಿರಲಿಲ್ಲ. ಕಾಕಾ ಕೋಲು ಊರಿ, ಹೂವಿನವರ ಬುಟ್ಟಿಗಳ ನಡುವೆ ನಡೆದರು. ಗುರುತಿನ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಒಮ್ಮೆ ಕೂತು, ಬೆನ್ನು ಬಗ್ಗಿಸಿ, ಕಾಲಿನ ಜೋಮು ಇಳಿದ ಮೇಲೆ ಎದ್ದರು. ನಾನು ಕೈ ಕೊಡಲಿಲ್ಲ, ಕೊಟ್ಟರೆ ಬೈಯುತ್ತಿದ್ದರು. ಅಂಗಡಿಯಲ್ಲಿ ಮಗ ಹೊಸ ಬಿಳಿ ಹಾಸು ಹಾಸಿ, ಲೋಡು ಇಟ್ಟು, ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಕಾಕಾ ಅಂಚಿಗೆ ಕೂತರು. ಎರಡೂ ಕಾಲು ಒಟ್ಟಿಗೆ ಎತ್ತಿ, ಒಳಕ್ಕೆ ಸರಿದು, ಗಾದಿಯ ಮೇಲೆ ಅಂಗೈ ಆಡಿಸಿದರು. ಹಾಸು ಒಂದು ಕಡೆ ಸುಕ್ಕಾಗಿದೆ ಎಂದು ಮಗನಿಗೆ ಬೈದರು. ಮಗ ಬೈಸಿಕೊಂಡು, ಕಣ್ಣು ಒರೆಸಿಕೊಳ್ಳಲು ಒಳಗೆ ಹೋದ.

ಬೋಣಿಯ ಗಿರಾಕಿ ನಾನೇ ಆಗಬೇಕೆಂದು ಮೊದಲೇ ಮಾತಾಗಿತ್ತು. ದೇವಿಗೆ ಉಡಿ ತುಂಬಲು ಒಂದು ಖಣ ಬೇಕು ಅಂದೆ. ಕಾಕಾ ಕೈ ಚಾಚಿ ಗಂಟು ಎಳೆದು, ಮಡಿಕೆಯ ತುದಿ ಹಿಡಿದು ಒಮ್ಮೆ ಝಾಡಿಸಿ ಬಿಚ್ಚಿದರು. ನೇರಳೆ ಬಣ್ಣದ ಖಣ ಗಾದಿಯ ಅಗಲಕ್ಕೂ ಹರಡಿತು. ಅವರು ದರ ಹೇಳಿದರು, ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ. ಇಬ್ಬರೂ ಗಂಟಲು ಹರಿಯುವಂತೆ ಕಾದಾಡಿದೆವು. ಪಕ್ಕದ ಅಂಗಡಿಯವರು ಬಂದು ನಿಂತು ನೋಡಿದರು.

ಖಣ ಕಾಗದದಲ್ಲಿ ಸುತ್ತಿ ಕೈಗೆ ಬಂದ ಮೇಲೆ ನನ್ನ ಕೆಲಸ ನೆನಪಾಯಿತು. ನೋವು ಎಷ್ಟಿದೆ ಎಂದು ಕೇಳಿದೆ.

ಕಾಕಾ ಲೋಡಿಗೆ ಒರಗಿದರು. ಮುಖ ಗಂಭೀರ ಮಾಡಿಕೊಂಡರು.

"ಹತ್ತು."

"ಸುಳ್ಳ ಹೇಳಬ್ಯಾಡ್ರಿ. ಎರಡು."

"ಎರಡಕ್ಕ ಹೆಂಗ ಕೊಡ್ಲಿಕ್ಕೆ ಆಗ್ತದ್ರಿ? ಮಾಲ ನೋಡ್ರಿ, ಎಷ್ಟ ಹಳೇದು." ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ನಾನು ಹೋಗುವವಳಂತೆ ಎದ್ದೆ. ಕಟ್ಟೆಯ ಕೆಳಗೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಕೂಗಿದರು.

"ಬರ್ರಿ, ಬರ್ರಿ. ಬೋಣಿ ಹೊತ್ತಿನ್ಯಾಗ ಹಂಗ ಕಳಸೂದಿಲ್ಲ. ನಾಕು ಬರಕೋರಿ."